ಬೋರಲು ಬಾಟಲಿಯ ಸಾಸಿವೆ ಸೊಪ್ಪು: ನನ್ನ ಅನುಭವ

ಹೋದ ತಿಂಗಳು ಎಂಟನೇ ಬಾಟಲಿ ಬಿಚ್ಚಿದೆ. ಅದೂ ಕೆಟ್ಟಿರಲಿಲ್ಲ. ಒಂದೆರಡು ಚೆನ್ನಾಗಿ ಬಂದಿದ್ದರೆ ಅದೃಷ್ಟ ಅಂತ ಸುಮ್ಮನಿರುತ್ತಿದ್ದೆ. ಎಂಟಕ್ಕೆ ಎಂಟೂ ಬಂದಮೇಲೆ ಬರೆಯುವ ಧೈರ್ಯ ಬಂತು. ಫ್ಲಾಟಿನ ಬಾಲ್ಕನಿಯಲ್ಲಿ ಫೂ-ತ್ಸಾಯ್ (ಬಾಟಲಿಗೆ ಜಡಿದು ಬೋರಲು ಇಡುವ ಹುಳಿ ಸಾಸಿವೆ ಸೊಪ್ಪು) ಆಗುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಅ-ಪೊ (ಹಕ್ಕಾ ಭಾಷೆಯಲ್ಲಿ ಅಜ್ಜಿ), ಕಟ್ಟಡದ ವಾಚ್‌ಮನ್, ಎಲ್ಲರಿಗಿಂತ ಮೊದಲು ನಮ್ಮ ಮನೆಯವರು.

ನಾವಿರುವುದು ತೈವಾನಿನ ಶಿನ್ಚು ಪಕ್ಕದ ಜುಬೇಯ್‌ನಲ್ಲಿ, ಹನ್ನೊಂದನೇ ಮಹಡಿ. ಸೈನ್ಸ್ ಪಾರ್ಕಿನ ಚಿಪ್ ಕಂಪನಿಗಳಿಗೆ ಬಂದ ನಮ್ಮವರಿಗೆ ಈ ಕಡೆ ಗೊತ್ತು, ಆದರೆ ಇದು ಹಕ್ಕಾ ಎಂಬ ಚೀನೀ ಸಮುದಾಯದ ಸೀಮೆ ಅನ್ನುವುದು ಸುಮಾರು ಜನಕ್ಕೆ ಗೊತ್ತಿಲ್ಲ. ಊರಿಂದ ಬಂದವರು ಮೊದಲು ಕೇಳುವುದು ಹಕ್ಕಾ ನೂಡಲ್ಸ್ ಎಲ್ಲಿ ಅಂತ. ಆ ಹೆಸರಿನದು ಇಲ್ಲಿಲ್ಲ. ಅದು ಕಲ್ಕತ್ತೆಗೆ ವಲಸೆ ಬಂದ ಹಕ್ಕಾ ಚೀನಿಯರ ಕಡೆಯಿಂದ ನಮ್ಮ ಗಾಡಿ ಅಂಗಡಿಗಳಿಗೆ ಇಳಿದ ತಿಂಡಿ. ಇಲ್ಲಿಯವರು ತಿನ್ನುವುದು ಅಕ್ಕಿಹಿಟ್ಟಿನ ಅಗಲ ಪಟ್ಟಿಯ ಬಾನ್‌ತಿಯಾವ್.

ಫೂ-ತ್ಸಾಯ್ ಕಥೆ ಬೇರೆ. ಎರಡನೇ ಬೆಳೆ ಭತ್ತ ಕೊಯ್ದ ಗದ್ದೆಯಲ್ಲಿ ಚಳಿಗಾಲಕ್ಕೆ ದೊಡ್ಡೆಲೆಯ ಸಾಸಿವೆ ಸೊಪ್ಪು ಹಾಕುತ್ತಾರೆ. ಉಪ್ಪು ಹಾಕಿ ತುಳಿದು ಹುಳಿ ಬರಿಸಿದರೆ ಅದು ಸ್ವಾನ್-ತ್ಸಾಯ್. ಅದನ್ನೇ ಅರೆ ಒಣಗಿಸಿ, ಬಾಟಲಿಗೆ ಜಡಿದು, ಬೋರಲು ಇಟ್ಟರೆ ಫೂ-ತ್ಸಾಯ್. ಪೂರ್ತಿ ಒಣಗಿಸಿದರೆ ಮೇಯ್-ಗಾನ್-ತ್ಸಾಯ್. 'ಫೂ' ಅಂದರೆ ಮೊದಲಿಗೆ ಬೋರಲು ಅಂತಲೇ. ಆಮೇಲೆ ಅದಕ್ಕೆ ಹತ್ತಿರದ ಉಚ್ಚಾರದ 'ಸೌಭಾಗ್ಯ' ಎಂಬ ಅಕ್ಷರದಲ್ಲಿ ಬರೆಯಲು ಶುರುಮಾಡಿದರು. ಪಕ್ಕದ ಮಿಯಾವ್ಲಿ ಜಿಲ್ಲೆಯ ಗೊಂಗ್‌ಗ್ವಾನ್ ಇದಕ್ಕೆ ಹೆಸರುವಾಸಿ.

ನಾನು ಸಾಗರದವಳು. ಮಾವಿನ ಮಿಡಿ, ಉಪ್ಪುಸೊಳೆ, ಕಳಲೆ ಎಲ್ಲ ಹಾಕಿ ಗೊತ್ತಿದ್ದ ಕೈ. ಆ ಕೈಯೇ ಮೊದಲ ವರ್ಷ ಕೆಡಿಸಿತು. ಹತ್ತು ಜಿನ್ ಸೊಪ್ಪು ತಂದೆ (ಇಲ್ಲಿನ ಒಂದು ಜಿನ್ 600 ಗ್ರಾಂ), ಮಿಡಿಗೆ ಹಾಕುವ ಲೆಕ್ಕದಲ್ಲೇ ಉಪ್ಪು ಸುರಿದೆ. ತಿಂಗಳಾದರೂ ಹುಳಿಯ ಸುಳಿವಿಲ್ಲ. ಅಷ್ಟು ಉಪ್ಪಿನಲ್ಲಿ ಹುಳಿ ಬರಿಸುವ ಜೀವಿಯೇ ಏಳುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಮಿಡಿಗೆ ಹುಳಿ ತನ್ನದೇ ಇರುತ್ತದೆ, ಸೊಪ್ಪಿಗೆ ನಾವು ಬರಿಸಬೇಕು. ಸೊಪ್ಪಿಗೆ 250, ಭರಣಿಗೆ ಒಂಬೈನೂರು ಚಿಲ್ಲರೆ ತೈವಾನ್ ಡಾಲರ್ ಹೋಯಿತು. ಒಂದಕ್ಕೆ ನಮ್ಮ ಎರಡೂವರೆ-ಮೂರು ರೂಪಾಯಿ ಹಿಡಿಯಿರಿ.

ಎರಡನೇ ವರ್ಷ ಹೆದರಿ ಉಪ್ಪು ತೀರಾ ಕಡಿಮೆ ಮಾಡಿದೆ. ಬಾಡಿಸಲಿಲ್ಲ, ತೊಳೆದು ಹಸಿಯಾಗಿಯೇ ಹಾಕಿದೆ, ಭಾರವೂ ಸಾಲಲಿಲ್ಲ. ಎಲೆ ಮೇಲೆದ್ದು ಮೊದಲು ಬಿಳಿ ಪೊರೆ, ಆಮೇಲೆ ಬೂಷ್ಟು, ಕೊನೆಗೆ ಲೋಳೆ. ವಾಸನೆ ಲಿಫ್ಟಿನವರೆಗೂ ಹೋಗಿ ಕೆಳಗಿನಿಂದ ಫೋನ್ ಬಂತು. ಕಸದ ಗಾಡಿ ಹಾಡು ಹಾಕಿಕೊಂಡು ಬರುವ ಹೊತ್ತಿಗೆ ಎರಡು ಚೀಲ ಹೊತ್ತು ನಿಂತಿದ್ದೆ. ಅ-ಪೊಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಇಂದು ತೈತೈ (ಇಂಡಿಯಾದ ಅಮ್ಮಾವ್ರೇ), ಕೈಯಲ್ಲಿ ಒತ್ತಿದರೆ ಆಗಲ್ಲ, ಕಾಲಲ್ಲಿ ತುಳಿ."

ಮೂರನೇ ವರ್ಷ ತುಳಿದೆವು. ಮಗನಿಗೆ ಹೊಸ ಗಂಬೂಟು ಕೊಡಿಸಿ, ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಸೊಪ್ಪಿಟ್ಟು ಅದರ ಮೇಲೆ ಕುಣಿಸಿದೆ. ಒಂದೂವರೆ ದಿನ ಬಾಡಿಸಿದ್ದೆ, ಉಪ್ಪು ಕೆಜಿಗೆ 40-45 ಗ್ರಾಂ. ಭಾರಕ್ಕೆ ಹೊಳೆಕಲ್ಲಿನ ಬದಲು ಐದು ಲೀಟರಿನ ಮೂರು ನೀರಿನ ಕ್ಯಾನು. ಹದಿನೈದು ದಿನಕ್ಕೆ ಸೊಪ್ಪು ಅರಿಶಿನ ಬಣ್ಣ ತಿರುಗಿ ಘಮ್ಮೆನ್ನುವ ಹುಳಿ ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಗೆದ್ದಂತಿತ್ತು. ಆದರೆ ನನಗೆ ಬಾಟಲಿಯದೇ ಬೇಕಿತ್ತು. ಎರಡು ದಿನ ಒಣಗಿಸುವಷ್ಟರಲ್ಲಿ ಜಡಿಮಳೆ ಹಿಡಿಯಿತು, ಗಡಿಬಿಡಿಯಲ್ಲಿ ತೇವ ಇರುವಾಗಲೇ ತುಂಬಿ ಬೋರಲು ಇಟ್ಟೆ. ಚೀನೀ ಹೊಸ ವರ್ಷದ ಹೊತ್ತಿಗೆ ಒಂಬತ್ತೂ ಬಾಟಲಿಯ ಬಾಯಿಂದ ಕಪ್ಪು ನೀರು ಸೋರಿ ಕಪಾಟಿನ ಹಲಗೆ ಊದಿಕೊಂಡಿತ್ತು. ನಮ್ಮ ಮನೆಯವರು ಎಕ್ಸೆಲ್ ತೆಗೆದು ಕೂತರು: ಮೂರು ವರ್ಷಕ್ಕೆ ಐದೂವರೆ ಸಾವಿರ ಡಾಲರ್, ಕಪಾಟು ಸೇರಿಸಿ. "ಈ ದುಡ್ಡಿಗೆ ಗೊಂಗ್‌ಗ್ವಾನಿನಿಂದ ಒಂದು ಪೆಟ್ಟಿಗೆ ತರಬಹುದಿತ್ತಲ್ಲೇ!" ನಿಜವೇ. ಅದಕ್ಕೇ ಜಿದ್ದು ಬಂತು.

ದಾರಿ ಸಿಕ್ಕಿದ್ದು ಸೊಪ್ಪಿನಿಂದಲ್ಲ, ಹಣ್ಣಿನಿಂದ. ಪಕ್ಕದ ಶಿನ್‌ಪುವಿನಲ್ಲಿ ಶರತ್ಕಾಲಕ್ಕೆ ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆದು ಅಗಲ ಜಲ್ಲಡಿಗಳಲ್ಲಿ ಒಣಗಿಸುತ್ತಾರೆ. ಹೊಳೆಯುವ ಕಿತ್ತಳೆ ಬಣ್ಣ, ಎಲ್ಲರೂ ಫೋಟೊ ತೆಗೆಯುತ್ತಿರುತ್ತಾರೆ. ನಾನು ನೋಡುತ್ತಿದ್ದದ್ದು ಗಾಳಿಯನ್ನು. ಶಿನ್ಚುವನ್ನು ಗಾಳಿಯೂರು ಎಂದೇ ಕರೆಯುವುದು. ಈಶಾನ್ಯದ ಆ ಒಣ ಗಾಳಿಯಿಂದಲೇ ಈ ಹಣ್ಣಿಗೂ ಇಲ್ಲಿನ ಅಕ್ಕಿ ಶಾವಿಗೆಗೂ ಹೆಸರು. ಮೂರು ವರ್ಷ ಬಿಸಿಲು ಕಾದು ಕೂತಿದ್ದೆನಲ್ಲ, ಹನ್ನೊಂದನೇ ಮಹಡಿಯಲ್ಲಿ ಬಟ್ಟೆ ಹಾರಿಸಿಕೊಂಡು ಹೋಗುವ ಗಾಳಿ ಬಾಗಿಲಲ್ಲೇ ಇತ್ತು!

ನಾಲ್ಕನೇ ಚಳಿಗಾಲ ಹುಳಿ ಬಂದ ಸೊಪ್ಪನ್ನು ಬುಡ ಮೇಲಾಗಿ ಹ್ಯಾಂಗರುಗಳಿಗೆ ಕ್ಲಿಪ್ ಹಾಕಿ, ಸುತ್ತ ಸೊಳ್ಳೆಪರದೆ ಕಟ್ಟಿ, ಹಗಲು ರಾತ್ರಿ ಗಾಳಿಗೆ ಬಿಟ್ಟೆ. ಜಡಿಮಳೆಯ ದಿನ ಅಷ್ಟನ್ನೂ ಬಚ್ಚಲುಮನೆಗೆ ಸಾಗಿಸಿ, ಬಾಗಿಲು ಹಾಕಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸಿದೆ. ಇಲ್ಲಿ ಅದಿಲ್ಲದ ಮನೆಯಿಲ್ಲ, ಹೊಸ ಖರ್ಚೇನೂ ಬೀಳಲಿಲ್ಲ. ಕರೆಂಟು ಬಿಲ್ಲು ಮುನ್ನೂರು ಜಾಸ್ತಿ ಬಂದಿರಬಹುದು. ಎರಡು ದಿನ ನಾವು ಸ್ನಾನವನ್ನು ಪಕ್ಕದ ಜಿಮ್ಮಿನಲ್ಲಿ ಮುಗಿಸಿದೆವು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹದ ತಿಳಿಯಲು ಅ-ಪೊ ದಂಟು ಮಡಚಿ ನೋಡುತ್ತಾಳೆ. ನನಗೆ ಆ ಬೆರಳಿಲ್ಲ, ತಕ್ಕಡಿ ಇದೆ. ಒಂದು ಹ್ಯಾಂಗರನ್ನು ಗುರುತು ಮಾಡಿಕೊಂಡು ಬೆಳಿಗ್ಗೆ ಸಂಜೆ ತೂಗಿದೆ. ತೂಕ ಯಾವ ಅಂಕಿಗೆ ಇಳಿದಾಗ ನಿಲ್ಲಿಸುತ್ತೇನೆ ಅಂತ ಮಾತ್ರ ಕೇಳಬೇಡಿ, ನಾಲ್ಕು ವರ್ಷದ ದುಡ್ಡು ಅದರಲ್ಲಿದೆ. ಅರ್ಧಕ್ಕಿಂತ ಕೆಳಗೆ ಅಂತ ಇಟ್ಟುಕೊಳ್ಳಿ.

ಬಾಟಲಿಗಳು ಬಿಟ್ಟಿ. ವಾಚ್‌ಮನ್ ಮರುಬಳಕೆ ಡಬ್ಬಿಯಿಂದ ಅಕ್ಕಿ ಮದ್ಯದ ಖಾಲಿ ಬಾಟಲಿ ಎತ್ತಿಟ್ಟು ಕೊಡುತ್ತಿದ್ದ. ಕುಡಿಯದವರ ಮನೆಗೆ ಇಷ್ಟು ಬಾಟಲಿ ಯಾಕೆ ಅಂತ ಅವನಿಗೂ ಕುತೂಹಲ. ಸೊಪ್ಪನ್ನು ಬೆರಳಗಲ ಸೀಳಿ ತುರುಕಬೇಕು. ಚಾಪ್‌ಸ್ಟಿಕ್ ಮುರಿಯಿತು, ಲಟ್ಟಣಿಗೆ ಬಾಯಿಗೆ ಹಿಡಿಸಲಿಲ್ಲ. ಕೊನೆಗೆ ಒದಗಿದ್ದು ಪೇರಲೆ ಕೊಂಬೆ. ಗಾಳಿಯೇ ಉಳಿಯದ ಹಾಗೆ ಜಡಿಯಲು ಬಾಟಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಮೂರನೆಯದಕ್ಕೆ ಭುಜ ಬಿಡುತ್ತದೆ. ಕತ್ತಿನ ಕೊನೆಯ ಎರಡು ಇಂಚಿಗೆ ನಾನು ತುಂಬುವುದೇ ಬೇರೆ. ಅದೂ ನನ್ನಲ್ಲೇ ಇರಲಿ.

ಪೇರಲೆ ಕೊಂಬೆ ಹೊಳೆದದ್ದು ಇಲ್ಲೇ ಹತ್ತಿರದ ಬೇಯ್‌ಪುವಿನಲ್ಲಿ. ಅಲ್ಲಿ ಒಳಗೆಲ್ಲ ಗೀರು ಇರುವ ಮಣ್ಣಿನ ಬೋಗುಣಿಯಲ್ಲಿ ಎಳ್ಳು, ಶೇಂಗಾ, ಚಹಾ ಎಲೆ ಹಾಕಿ ಪೇರಲೆ ಕೋಲಿನಿಂದ ಅರೆದು ಲೇಯ್-ಛಾ (ಅರೆದ ಚಹಾ) ಮಾಡಿಸುತ್ತಾರೆ. ಅರೆಯುವುದು ನಾವೇ, ದುಡ್ಡು ಕೊಡುವುದೂ ನಾವೇ. ಮನೆಯಲ್ಲಿ ಮಿಕ್ಸಿಗೆ ಹಾಕಿ ನೋಡಿದೆ. ಬಿಸಿಯಾಗಿ ಎಣ್ಣೆ ಬಿಟ್ಟು ಚಹಾ ಕಹಿಯಾಯಿತು. ಊರಿನ ಒರಳು ನೆನಪಾಯಿತು, ಆದರೆ ವಿಮಾನದಲ್ಲಿ ತರುವ ಸಾಮಾನಲ್ಲ.

ಅಲ್ಲಿಯದೇ ಇನ್ನೊಂದು ಚಹಾ ಇದೆ, ಪೆಂಗ್-ಫೆಂಗ್, ಅಂದರೆ ಬಡಾಯಿ ಚಹಾ. ಪುಟ್ಟ ಹಸಿರು ಜಿಗಿಹುಳ ಕಚ್ಚಿದ ಎಲೆಯಿಂದಲೇ ಅದಕ್ಕೆ ಜೇನಿನ ಪರಿಮಳ. ಹುಳ ಕಚ್ಚಿದ ಎಲೆಯನ್ನು ದುಬಾರಿಗೆ ಮಾರಿ ಬಂದೆ ಎಂದ ರೈತನನ್ನು ಊರವರು ಬಡಾಯಿಕೋರ ಎಂದರಂತೆ, ಹೆಸರು ಹಾಗೆ ಬಂತೆಂದು ಹೇಳುತ್ತಾರೆ. ಈ ಬರಹಕ್ಕೂ ಯಾರಾದರೂ ಅದೇ ಹೆಸರಿಟ್ಟರೆ ಬೇಜಾರಿಲ್ಲ.

ಹಕ್ಕಾ ಮನೆಗಳಲ್ಲಿ ಫೂ-ತ್ಸಾಯ್ ಹಂದಿ ಮಾಂಸದ ಸಾರಿಗೆ ಹೋಗುತ್ತದೆ. ನಮಗೆ ಅದು ಆಗದು. ಆದರೆ ಬಿದಿರು ಕಳಲೆಯ ಜೊತೆಗೂ ಅವರು ಬೇಯಿಸುತ್ತಾರೆ, ಅಲ್ಲಿಗೆ ನಮ್ಮ ಕೆಲಸವಾಯಿತು. ನಾನು ಕೊಬ್ಬರಿ ಎಣ್ಣೆಯಲ್ಲಿ ಇಂಗು-ಮೆಣಸಿನ ಒಗ್ಗರಣೆ ಕೊಟ್ಟೆ. ಒಣಗಿ ಹೆಚ್ಚಾಗಿದ್ದ ಎರಡು ಹ್ಯಾಂಗರಿನ ಸೊಪ್ಪನ್ನು ಉದ್ದಿನಬೇಳೆ ಸೇರಿಸಿ ಚಟ್ನಿಪುಡಿ ಮಾಡಿದೆ. ಎಕ್ಸೆಲ್ ಮಾಡಿದವರು ದೋಸೆಗೆ ಅದನ್ನೇ ಕೇಳುತ್ತಾರೆ. ಕೆಸುವಿನ ಸೊಪ್ಪಿನಲ್ಲೂ ಪ್ರಯತ್ನಿಸಿದೆ. ಅದರ ಬಗ್ಗೆ ಬರೆಯುವುದಿಲ್ಲ.

ಒಟ್ಟು ಹದಿನಾಲ್ಕು ಬಾಟಲಿ. ಸೊಪ್ಪು, ಉಪ್ಪು, ಕರೆಂಟು ಸೇರಿ ಸಾವಿರದ ಇನ್ನೂರು ಆಗಿರಬಹುದು. ಐದು ತಿಂಗಳು ಬೋರಲಾಗಿದ್ದ ಮೊದಲನೆಯದನ್ನು ಅ-ಪೊಗೇ ಒಯ್ದೆ. ತಂತಿ ಕೊಕ್ಕೆಯಿಂದ ಒಂದೆಳೆ ಎಳೆದು ಮೂಸಿದಳು, ಬಾಯಿಗೆ ಹಾಕಿಕೊಂಡಳು, ಏನೂ ಹೇಳಲಿಲ್ಲ. ಬಾಟಲಿಯನ್ನು ಸೊಪ್ಪಿನ ರಾಶಿಯ ಹಿಂದೆ ಇಟ್ಟುಕೊಂಡು ನನಗೆ ಎರಡು ಕಟ್ಟು ಕೊತ್ತಂಬರಿ ಕೊಟ್ಟಳು. ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಬಾಟಲಿ ಸೂಟ್‌ಕೇಸಿನಲ್ಲಿ ಹೋಯಿತು. ಅತ್ತೆ ಅದನ್ನು ಅಪ್ಪೆಹುಳಿಗೆ ಕಿವುಚಿ ಹಾಕಿ, ಮಧ್ಯಾಹ್ನ ಎರಡು ಲೋಟ ಕುಡಿದು ಮಲಗಿಬಿಟ್ಟರು.