ಸಿಕಲ್ ಸೆಲ್ ಇರುವ ಮಗುವಿನ ಕಣ್ಣು: ಅಕ್ಷರ ಓದಿಸಿದರೆ ಸಾಲದು, ಹನಿ ಹಾಕಿಸಿ

ನನ್ನ ಮಗಳಿಗೆ 12 ವರ್ಷ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇದೆ. ಮೈಕೈ ನೋವು ಬಂದರೆ ಏನು ಮಾಡಬೇಕು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಣ್ಣಿನ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ. ಒಮ್ಮೆ ತೋರಿಸಿದ್ದೆವು. ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕೊನೆಯ ಸಾಲಿನವರೆಗೂ ಓದಿದಳು, ಕಣ್ಣು ಚೆನ್ನಾಗಿದೆ ಅಂತ ಕಳಿಸಿದರು. ಆಮೇಲೆ ರಕ್ತದ ಡಾಕ್ಟರು ಕೇಳಿದರು: "ಹನಿ ಹಾಕಿ ನೋಡಿದ್ದಾರಾ?" ಪಾಪೆ ಅಗಲ ಮಾಡಿ ಕಣ್ಣಿನ ಒಳಗೆ ಅಂಚಿನವರೆಗೂ ನೋಡಲು ಹಾಕುವ ಹನಿ ಅದು. ಇಲ್ಲ, ಹಾಕಿರಲಿಲ್ಲ.

ಕುಡುಗೋಲಿನ ಹಾಗೆ ಬಾಗಿದ ರಕ್ತಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಣ್ಣಿನಲ್ಲಿ ಇದು ಹೆಚ್ಚಾಗಿ ಶುರುವಾಗುವುದು ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ತೆಳು ಪರದೆಯ, ಅಂಚಿನಲ್ಲಿ. ನಾವು ಅಕ್ಷರ ಓದುವುದು ನಡುಭಾಗದಿಂದ. ಹಾಗಾಗಿ ಅಂಚು ಕೆಡುತ್ತಿದ್ದರೂ ಮಗು ಚೆನ್ನಾಗಿಯೇ ಓದುತ್ತದೆ. ರಕ್ತ ಸಿಗದ ಅಂಚಿನ ಹತ್ತಿರ ಬೀಸಣಿಗೆಯಂತೆ ಹೊಸ ನಾಳಗಳು ಹುಟ್ಟುತ್ತವೆ. ಡಾಕ್ಟರು ಸೀ ಫ್ಯಾನ್ ಅನ್ನುವುದು ಇದಕ್ಕೇ. ಇವು ತುಂಬಾ ಸೂಕ್ಷ್ಮ. ಒಡೆದರೆ ಕಣ್ಣೊಳಗೆ ರಕ್ತ ಸೋರುತ್ತದೆ. ಎಳೆತ ಜಾಸ್ತಿಯಾದರೆ ರೆಟಿನಾನೇ ಕಿತ್ತು ಬರಬಹುದು.

10 ವರ್ಷ ತುಂಬಿದ ಮೇಲೆ, ತೊಂದರೆ ಏನೂ ಕಾಣದಿದ್ದರೂ, ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ರೆಟಿನಾ ಡಾಕ್ಟರಿಗೆ ತೋರಿಸಿ. ರಕ್ತದ ರಿಪೋರ್ಟು, ಸಿಕಲ್ ಸೆಲ್ ಕಾರ್ಡು ಜೊತೆಗಿರಲಿ. ನಾವು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಎರಡು ಬಾಟಲಿ ನೀರು ಬೇಕೇ ಬೇಕು, ಮೈಯಲ್ಲಿ ನೀರು ಕಡಿಮೆಯಾದರೆ ನೋವು ಶುರುವಾಗುತ್ತದೆ. ಹನಿ ಸ್ವಲ್ಪ ಉರಿಯುತ್ತದೆ ಅಂತ ಮಗುವಿಗೆ ಮೊದಲೇ ಹೇಳಿ. ಪಾಪೆ ಅಗಲವಾಗಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣು ಕುಕ್ಕುತ್ತದೆ. ಟೋಪಿಯೋ ಛತ್ರಿಯೋ ಇಟ್ಟುಕೊಳ್ಳಿ.

"ಅಂಚಿನವರೆಗೂ ನೋಡಿದಿರಾ ಸಾರ್?" ಅಂತ ಕೇಳಿ. ಕೇಳಲು ಸಂಕೋಚ ಬೇಡ. ಹೊಸ ನಾಳ ಕಂಡರೆ ಕೆಲವೊಮ್ಮೆ ಲೇಸರ್ ಹಾಕುತ್ತಾರೆ, ಕೆಲವೊಮ್ಮೆ ಕಾದು ನೋಡುತ್ತಾರೆ. ತಾನಾಗಿಯೇ ಒಣಗುವುದೂ ಉಂಟು. ಕಾಯಿರಿ ಅಂದರೆ ಹೆದರಬೇಡಿ, ಮುಂದಿನ ತಾರೀಖನ್ನು ಮಾತ್ರ ತಪ್ಪಿಸಬೇಡಿ.

ಕಣ್ಣ ಮುಂದೆ ದಿಢೀರನೆ ಕಪ್ಪು ಚುಕ್ಕಿ, ಜೇಡರ ಬಲೆ ತೇಲಿದಂತಾದರೆ, ಮಿಂಚು ಹೊಡೆದಂತಾದರೆ, ಒಂದು ಕಡೆಯಿಂದ ಪರದೆ ಇಳಿದಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದು ವಾಹಕರಿಗೂ (ಕಾಯಿಲೆ ಇಲ್ಲದೆ ಸಿಕಲ್ ಜೀನ್ ಒಂದು ಮಾತ್ರ ಇರುವವರಿಗೂ) ಸೇರಿ. ಕಣ್ಣಿಗೆ ಚೆಂಡು ಬಿದ್ದು ಒಳಗೆ ರಕ್ತ ನಿಂತರೆ, ಬಾಗಿದ ಕಣಗಳು ಕಣ್ಣೊಳಗಿನ ನೀರು ಹೊರಹೋಗುವ ದಾರಿ ಕಟ್ಟಿ ಕಣ್ಣಿನ ಒತ್ತಡ ಬೇಗ ಏರಬಹುದು. ಒತ್ತಡ ಇಳಿಸಲು ಸಾಮಾನ್ಯವಾಗಿ ಕೊಡುವ ಅಸಿಟಜೋಲಮೈಡ್ ಮಾತ್ರೆಯಿಂದ ಕಣಗಳು ಬಾಗುವುದು ಜಾಸ್ತಿಯಾಗಬಹುದು. ಅದಕ್ಕೇ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಸಿಕಲ್ ವಿಷಯ. ನನ್ನ ಮಗ ವಾಹಕ, ಕ್ರಿಕೆಟ್ ಹುಚ್ಚು ಬೇರೆ. ಅವನ ಕಾರ್ಡಿನ ಒಂದು ಜೆರಾಕ್ಸ್ ಶಾಲೆಯ ಬ್ಯಾಗಿನಲ್ಲಿದೆ, ಇನ್ನೊಂದು ಪಿ.ಟಿ. ಮೇಷ್ಟ್ರ ಹತ್ತಿರ.