ಬಿತ್ತನೆ ಆಲೂಗಡ್ಡೆ: ಮೊಳಕೆಯ ದಿನಗಳ ರೋಗ, ಕೀಟ

ಪಂಜಾಬಿನ ಬಿತ್ತನೆ ಆಲೂಗಡ್ಡೆ ಹಾಸನದ ಮಾರುಕಟ್ಟೆಗೆ ಬರುವುದು ಮುಂಗಾರಿಗೆ ಮುಂಚೆ. ಶೈತ್ಯಾಗಾರದಿಂದ ಹೊರಬಂದ ಗೆಡ್ಡೆಯನ್ನು ನೇರವಾಗಿ ಹೊಲಕ್ಕೆ ಒಯ್ಯದೆ 10–15 ದಿನ ಮನೆಯಲ್ಲಿಟ್ಟು ಮೊಳಕೆ ಬರಿಸುವುದು ರೂಢಿ. ಹೊಲದಲ್ಲಿ ಕಾಡುವ ಎಷ್ಟೋ ರೋಗಗಳನ್ನು ಈ ಹಂತದಲ್ಲೇ, ಖರ್ಚಿಲ್ಲದೆ, ಹೊರಗಿಡಬಹುದು.

ಚೀಲ ಬಂದ ದಿನವೇ ಬಾಯಿ ಬಿಚ್ಚಿ. ತಣ್ಣಗಿದ್ದ ಗೆಡ್ಡೆ ಸೆಕೆಗೆ ಬಂದೊಡನೆ ಬೆವರುತ್ತದೆ. ಕಟ್ಟಿದ ಚೀಲದಲ್ಲಿ ಆ ತೇವ ಆರದೆ ಕೊಳೆ ಶುರುವಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ಪದರವಾಗಿ ಹರಡಿ. ನೇರ ಬಿಸಿಲು ಬೇಡ, ಆದರೆ ಬೆಳಕು ಬೇಕು. ಕತ್ತಲೆಯಲ್ಲಿ ಬೆಳೆದ ಉದ್ದನೆಯ ಬಿಳಿ ಮೊಳಕೆ ನಾಟಿಯ ಹೊತ್ತಿಗೆ ಮುರಿಯುತ್ತದೆ, ಮುರಿದ ಗಾಯಕ್ಕೆ ರೋಗ ಹತ್ತುತ್ತದೆ.

ಆಮೇಲೆ ಆರಿಸುವ ಕೆಲಸ. ಇದಕ್ಕೆ ಬೇಸರಪಡುವವರೇ ಹೆಚ್ಚು. ಮೆತ್ತಗಾಗಿ, ನೀರೊಡೆದು, ಗಬ್ಬು ನಾರುವ ಗೆಡ್ಡೆಯನ್ನು ಮೂಗೇ ಹುಡುಕಿಕೊಡುತ್ತದೆ. ಸಿಪ್ಪೆ ಸುಕ್ಕುಗಟ್ಟಿ ಒಳಕ್ಕೆ ಕುಸಿದಿದ್ದರೆ ಒಣ ಕೊಳೆ. ಸಿಪ್ಪೆಯಡಿ ಕೆಂಗಂದು ಕಲೆ ಹರಡಿದ್ದರೆ ಎಲೆ, ಗೆಡ್ಡೆ ಎರಡನ್ನೂ ಕೊಳೆಸುವ ಅಂಗಮಾರಿ ರೋಗದ ಅನುಮಾನ. ತೊಳೆದರೂ ಹೋಗದ ಕಪ್ಪು ಚುಕ್ಕೆಗಳು ಮಣ್ಣಲ್ಲ, ಶಿಲೀಂಧ್ರದ ಗಂಟುಗಳು. ಅವು ಮೊಳಕೆಯ ತುದಿಯನ್ನೇ ಸುಡುತ್ತವೆ. ನೂಲಿನಂಥ ಸಣಕಲು ಮೊಳಕೆಯ ಗೆಡ್ಡೆಯನ್ನೂ ತೆಗೆದುಹಾಕಿ.

ಎಲ್ಲಕ್ಕಿಂತ ಕಪಟಿ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಹೊರಗೆ ಗೆಡ್ಡೆ ಚೆನ್ನಾಗಿಯೇ ಕಾಣಬಹುದು. ಅಡ್ಡ ಕತ್ತರಿಸಿ ಹಿಂಡಿದಾಗ ಒಳಗಿನ ಕಂದು ಉಂಗುರದಿಂದ ಹಾಲಿನಂಥ ದ್ರವ ಜಿನುಗಿದರೆ ಅದೇ. ಅದನ್ನು ಕೊಯ್ದ ಚಾಕುವೇ ಮುಂದಿನ ಗೆಡ್ಡೆಗಳಿಗೆ ರೋಗ ಹಂಚುತ್ತದೆ. ಆದ್ದರಿಂದ ಸಣ್ಣ ಗೆಡ್ಡೆಗಳನ್ನು ಇಡಿಯಾಗಿಯೇ ನೆಡುವುದು ಲೇಸು. ಕತ್ತರಿಸಲೇಬೇಕಾದರೆ ಎರಡು ಚಾಕು ಇಟ್ಟುಕೊಂಡು, ಒಂದನ್ನು ಬಳಸುವಾಗ ಇನ್ನೊಂದನ್ನು ಸ್ಪಿರಿಟ್‌ನಲ್ಲಿ ಅದ್ದಿಡಿ. ಹೋಳುಗಳನ್ನು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಪುಡಿಯಿಂದ ಉಪಚರಿಸಿ, ನೆರಳಿನಲ್ಲಿ ಒಣಗಿಸಿ. ಪ್ರಮಾಣಕ್ಕೆ ಪೊಟ್ಟಣದ ಸೂಚನೆ ನೋಡಿ. ಆದರೆ ಈ ಪುಡಿ ಶಿಲೀಂಧ್ರಕ್ಕೆ ಮಾತ್ರ, ದುಂಡಾಣುವಿಗೆ ನಾಟದು.

ಕೀಟಗಳಲ್ಲಿ ಗೆಡ್ಡೆ ಪತಂಗ ಮುಖ್ಯ. ಅದು ಗೆಡ್ಡೆಯ ಕಣ್ಣುಗಳ (ಮೊಳಕೆ ಒಡೆಯುವ ಕುಳಿಗಳ) ಬಳಿ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೆ ಸುರಂಗ ಕೊರೆಯುತ್ತದೆ. ಕಣ್ಣಿನ ಬಾಯಲ್ಲಿ ಕಪ್ಪು ಹಿಕ್ಕೆ ಕಂಡರೆ ಹುಳು ಒಳಗಿದೆ. ಕಿಟಕಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಮೊಳಕೆಗೆ ಇಡುವ ಮುನ್ನ ಗೆಡ್ಡೆ ಕೆಲವು ವಾರ ಕಾಯಬೇಕಾದರೆ ಒಣಗಿದ ಲಂಟಾನ ಅಥವಾ ನೀಲಗಿರಿ ಎಲೆಯನ್ನು ಕೆಳಗೂ ಮೇಲೂ ಒಂದು ಅಂಗುಲ ಹರಡಿ. ಪತಂಗ ಹತ್ತಿರ ಸುಳಿಯುವುದು ಕಡಿಮೆ.

ಮೊಳಕೆಯ ಸಂದಿಯಲ್ಲಿ ಸಸ್ಯಹೇನು (ರಸ ಹೀರುವ ಸಣ್ಣ ಕೀಟ) ಕೂತಿದ್ದರೆ ಬೆರಳಿನಿಂದ ಒರೆಸಿ. ಹೇನು ಅಲ್ಪವೇ, ಆದರೆ ಅದು ತರುವ ವೈರಸ್ಸಿಗೆ ಔಷಧಿಯಿಲ್ಲ.

ತೆಗೆದುಹಾಕಿದ್ದನ್ನು ಬದುವಿನ ಮೇಲಾಗಲಿ ತಿಪ್ಪೆಗಾಗಲಿ ಎಸೆಯಬೇಡಿ, ಅಂಗಮಾರಿ ಅಲ್ಲಿಂದಲೇ ಮತ್ತೆ ಹೊರಡುತ್ತದೆ. ಹಸಿರಾದ, ಮೊಳೆತ ಗೆಡ್ಡೆ ದನಗಳಿಗೂ ವಿಷ. ಹೊಲದಿಂದ ದೂರ ಎರಡು ಅಡಿ ಆಳದ ಗುಂಡಿ ತೋಡಿ ಹೂಳಿ.