ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಾ? ತರಗತಿಯಲ್ಲಿ ಪರೀಕ್ಷೆ ಮಾಡುವುದು ಹೀಗೆ

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ವಿಕಾಸವಾದದ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: "ಮಿಸ್, ಇಂಟೆಲಿಜೆಂಟ್ ಡಿಸೈನ್ ಕೂಡ ಸೈನ್ಸೇ ಅಲ್ವಾ?" ಜೀವಿಗಳು ತಾವಾಗಿಯೇ ವಿಕಾಸವಾಗಿ ಬಂದಿರಲಾರವು, ಬುದ್ಧಿಯುಳ್ಳ ಯಾರೋ ರೂಪಿಸಿರಬೇಕು ಎಂಬ ವಾದವದು. ಆಗ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೆ ಇಳಿಯಬೇಡಿ. ಪೀರಿಯಡ್ ಮುಗಿಯುತ್ತದೆ, ಪಾಠ ಹಾಗೇ ಉಳಿಯುತ್ತದೆ. ಬದಲಿಗೆ ಡೋವರ್ ಕೇಸು ಕೈಗೆತ್ತಿಕೊಳ್ಳಿ.

ಡೋವರ್ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೆ. ಡಾರ್ವಿನ್ನನ ವಾದದಲ್ಲಿ ತೂತುಗಳಿವೆ, ಇಂಟೆಲಿಜೆಂಟ್ ಡಿಸೈನ್ ಎಂಬ ಬೇರೆ ವಿವರಣೆಯೂ ಇದೆ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಓದಿ ಹೇಳಬೇಕೆಂದು 2004ರಲ್ಲಿ ಅಲ್ಲಿನ ಶಾಲಾ ಮಂಡಳಿ ಹೊರಟಿತು. ವಿಜ್ಞಾನದ ಮೇಷ್ಟ್ರುಗಳು ಓದಲು ಒಪ್ಪಲಿಲ್ಲ. ಪೋಷಕರು ಕೋರ್ಟಿಗೆ ಹೋದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇದು ವಿಜ್ಞಾನವಲ್ಲ.

ತೀರ್ಪನ್ನು ಮೊದಲೇ ಹೇಳಬೇಡಿ. ಮೊದಲು ಮಕ್ಕಳಿಂದ ಒಂದು ಪ್ರಶ್ನೆ ಕೇಳಿಸಿ: "ಏನು ಸಿಕ್ಕರೆ ನಿಮ್ಮ ವಾದ ಬಿದ್ದುಹೋಗುತ್ತದೆ?" ವಿಕಾಸವಾದದ ಬಳಿ ಉತ್ತರವಿದೆ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿರಬೇಕು ಎಂದು ಲೆಕ್ಕ ಹಾಕಿ, ಪಳೆಯುಳಿಕೆ ವಿಜ್ಞಾನಿ ನೀಲ್ ಶುಬಿನ್ ಮತ್ತು ಸಂಗಡಿಗರು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಅಗೆದರು. 2004ರಲ್ಲಿ ಅಂಥದ್ದೇ ಜೀವಿಯ ಪಳೆಯುಳಿಕೆ, ಟಿಕ್ಟಾಲಿಕ್, ಸಿಕ್ಕಿತು. ಅದೇ ಬಂಡೆಯಲ್ಲಿ, ಎಷ್ಟೋ ಕಾಲದ ಮೇಲೆ ಬಂದ ಮೊಲದ ಮೂಳೆ ಸಿಕ್ಕಿದ್ದರೆ ಗತಿ ಏನಾಗುತ್ತಿತ್ತು, ಯೋಚಿಸಿ! ಡಿಸೈನ್ ವಾದಕ್ಕೆ ಆ ಭಯವೇ ಇಲ್ಲ. ಮೊಲ ಸಿಕ್ಕರೂ ಸೈ, ಮೀನು ಸಿಕ್ಕರೂ ಸೈ, ಮಾಡಿದವನ ಇಷ್ಟ.

ಆದರೆ ಡಿಸೈನ್ ವಾದಿಗಳಿಗೂ ನ್ಯಾಯ ಸಲ್ಲಬೇಕು. ಮೈಕೆಲ್ ಬೀಹಿ ಎಂಬ ಜೀವರಸಾಯನ ವಿಜ್ಞಾನಿ ಪರೀಕ್ಷಿಸಬಹುದಾದ ಮಾತೊಂದನ್ನು ಹೇಳಿದರು. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಿಂದ ಒಂದು ಭಾಗ ತೆಗೆದರೂ ಅದು ಕೆಲಸಕ್ಕೆ ಬಾರದು, ಹಾಗಾಗಿ ಹಂತಹಂತವಾಗಿ ಬೆಳೆದಿರಲಾರದು ಎಂದು. ಬೋರ್ಡಿನ ಮೇಲೆ ಆ ಬಾಲ ಬರೆದು, ಬುಡದ ಭಾಗವೊಂದನ್ನೇ ಬಿಟ್ಟು ಉಳಿದದ್ದೆಲ್ಲ ಅಳಿಸಿ. ಬುಡಕ್ಕೆ ತುಂಬಾ ಹತ್ತಿರದ ರಚನೆಯೊಂದು ಕೆಲವು ಬ್ಯಾಕ್ಟೀರಿಯಾಗಳಲ್ಲಿದೆ, ಬೇರೆ ಜೀವಕೋಶಕ್ಕೆ ವಿಷ ಚುಚ್ಚುವ ಸೂಜಿಯಾಗಿ. ಈಜಲಾಗದಿದ್ದರೂ ಬೇರೆ ಕೆಲಸಕ್ಕೆ ಬಂತಲ್ಲ!

ನನಗೆ ಜಾಸ್ತಿ ಇಷ್ಟವಾಗುವುದು ಡೋವರ್ ಕೇಸಿನಲ್ಲಿ ಮಂಡಳಿಯ ಪರ ಸಾಕ್ಷಿ ಹೇಳಿದ ಬೀಹಿಯವರ ಪಾಟೀಸವಾಲು. ತಾವು ಕೊಟ್ಟ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತವಾಗುತ್ತದೆ ಎಂದು ಅವರು ಒಪ್ಪಿಕೊಂಡರು. ಇದನ್ನು ಹೇಳಿದಾಗ ತರಗತಿ ನಗುತ್ತದೆ. ಬೆಳಿಗ್ಗೆ ಟಿವಿಯಲ್ಲಿ ರಾಶಿಫಲ ನೋಡಿ ಬಂದವರೂ ನಗುತ್ತಾರೆ.

ಆಮೇಲೆ ಹಳೆಯ ಕರಡು ನೋಡಿ. ವಿಕಾಸವಾದ ಕಲಿಸಿದರೆ ಸೃಷ್ಟಿವಾದವನ್ನೂ, ಅಂದರೆ ದೇವರೇ ಜೀವಿಗಳನ್ನು ಸೃಷ್ಟಿಸಿದ ಎಂಬುದನ್ನೂ, ಕಲಿಸಲೇಬೇಕೆಂಬ ಲೂಯಿಸಿಯಾನ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ರದ್ದು ಮಾಡಿತು. ಅದಾದ ಮೇಲೆ, ಡೋವರ್ ಮಕ್ಕಳಿಗೆ ಸೂಚಿಸಿದ ಡಿಸೈನ್ ವಾದದ ಪುಸ್ತಕದ ಕರಡಿನಲ್ಲಿ 'ಕ್ರಿಯೇಷನಿಸ್ಟ್ಸ್' (ಸೃಷ್ಟಿವಾದಿಗಳು) ಇದ್ದ ಕಡೆ 'ಡಿಸೈನ್ ಪ್ರೊಪೊನೆಂಟ್ಸ್' (ಡಿಸೈನ್ ವಾದಿಗಳು) ಬಂತು. ಒಂದು ಕಡೆ ತಿದ್ದುವಾಗ ಕೈತಪ್ಪಿ, ಹಳೆಯ ಪದದ ತಲೆಯೂ ಬಾಲವೂ ಹೊಸದಕ್ಕೆ ಅಂಟಿಕೊಂಡೇ ಉಳಿದವು. ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಪೋಷಕರ ಪರ ಸಾಕ್ಷಿ ಹೇಳುವಾಗ ಈ ಕರಡುಗಳನ್ನೆಲ್ಲ ಕೋರ್ಟಿನ ಮುಂದಿಟ್ಟರು.

ಕೊನೆಗೆ ತೀರ್ಪು ಹೇಳಿ. ಆದರೆ "ಕೋರ್ಟ್ ಹೇಳಿತು, ಸುಮ್ನೆ ಒಪ್ಪಿಕೊಳ್ಳಿ" ಎನ್ನಬೇಡಿ, ಚುರುಕು ಹುಡುಗಿಯೊಬ್ಬಳು "ಜಡ್ಜ್ ಏನು ವಿಜ್ಞಾನಿಯಾ?" ಎಂದು ಕೇಳೇ ಕೇಳುತ್ತಾಳೆ. ಮನೆಯಲ್ಲಿ ಭಕ್ತಿ ಇರುವ ಮಕ್ಕಳು ಮುಖ ಸಣ್ಣ ಮಾಡಿಕೊಂಡರೆ ಎರಡು ವಿಷಯ ತಿಳಿಸಿ. ಡಿಸೈನ್ ವಾದ ನಿಜವಿರಲೂಬಹುದು, ಆ ಬಗ್ಗೆ ತಾನು ಏನೂ ಹೇಳುವುದಿಲ್ಲ ಎಂದು ಕೋರ್ಟ್ ಬರೆದಿದೆ. ಪೋಷಕರ ಪರ ಮೊದಲು ಸಾಕ್ಷಿ ಹೇಳಿದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಸ್ವತಃ ಆಸ್ತಿಕ, ಕ್ಯಾಥೊಲಿಕ್.